ಗೇರ್‌ಬಾಕ್ಸಿನ ಕೆಂಪೆಣ್ಣೆ

ಎತ್ತಿನ ಗಾಡಿಯ ಕಾಲದಲ್ಲಿ ನಮ್ಮ ರೈತನಿಗೆ ಕೀಲೆಣ್ಣೆಯ ಆಯ್ಕೆ ಒಂದು ಸಮಸ್ಯೆಯಾಗಿರಲಿಲ್ಲ. ಹರಳೆಣ್ಣೆಗೆ ಸುಟ್ಟ ಹುಲ್ಲಿನ ಕರಿಯನ್ನು ಕಲಸಿ, ಬಿದಿರಿನ ಗೊಟ್ಟದಲ್ಲಿ ತುಂಬಿ, ಗಾಡಿಯ ಅಡಿಯಲ್ಲಿ ತೂಗಹಾಕಿಕೊಂಡರೆ ಆಯಿತು. ಅಚ್ಚು ಕಿರುಗುಟ್ಟಿದಾಗ ಕಡಾಣಿಯನ್ನು ಕಿತ್ತು, ಗಾಲಿಯನ್ನು ಸರಿಸಿ, ಅದನ್ನೇ ಸವರುತ್ತಿದ್ದನು. ಗಾಲಿ ಎರಡಿದ್ದರೂ ಕೆಲಸ ಒಂದೇ. ಆದುದರಿಂದ ಎಣ್ಣೆಯೂ ಒಂದೇ. ಹರಳೆಣ್ಣೆಯನ್ನು ಕೀಳೆಂದು ಭಾವಿಸಬೇಕಾಗಿಲ್ಲ. 1909ರಲ್ಲಿ ಇಂಗ್ಲೆಂಡಿನ ವೇಕ್‌ಫೀಲ್ಡ್ ಕಂಪನಿಯು ಮೋಟಾರು ಮತ್ತು ವಿಮಾನಗಳ ಎಂಜಿನ್ನುಗಳಿಗೆಂದು ಮಾರಾಟಕ್ಕೆ ತಂದ ಎಣ್ಣೆಗೆ 'ಕ್ಯಾಸ್ಟ್ರಾಲ್' ಎಂಬ ಹೆಸರು ಬಂದುದು ಅದರಲ್ಲಿದ್ದ ಹರಳೆಣ್ಣೆಯಿಂದಲೇ. ಇಂಗ್ಲಿಷಿನಲ್ಲಿ ಹರಳಿಗೆ 'ಕ್ಯಾಸ್ಟರ್' ಎನ್ನುತ್ತಾರೆ.

ಇಂದು ದಾವಣಗೆರೆ ಜಿಲ್ಲೆಯ ಜಗಳೂರಿನಂಥ ಊರಿಗೆ ಹೋಗಿ ನೋಡೋಣ. ಮಳೆ ಕಡಿಮೆಯಾದ ಈ ಬಯಲುಸೀಮೆಯ ತಾಲ್ಲೂಕಿನಿಂದ ಮೆಕ್ಕೆಜೋಳವೂ ಶೇಂಗಾವೂ ಈರುಳ್ಳಿಯೂ ಮಾರುಕಟ್ಟೆಗೆ ಹೋಗುವುದು ಲಾರಿಗಳ ಮೇಲೆ. ಅವುಗಳಲ್ಲಿ ಹದಿನೈದು, ಇಪ್ಪತ್ತು ವರ್ಷ ದುಡಿದು, ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಬಂದ ಹಳೆಯ ಲಾರಿಗಳೂ ಉಂಟು. ಇಂಥ ಲಾರಿಯ ಯಜಮಾನನೇ ಅನೇಕ ವೇಳೆ ಅದರ ಚಾಲಕನೂ ಆಗಿರುತ್ತಾನೆ. ಸುಗ್ಗಿಯ ಕಾಲದಲ್ಲಿ ಗೇರ್‌ಬಾಕ್ಸು ಕೆಟ್ಟು ಗಾಡಿ ಹದಿನೈದು ದಿನ ನಿಂತಿತೆಂದರೆ, ಅವನ ವರ್ಷದ ಲೆಕ್ಕಾಚಾರವೇ ತಲೆಕೆಳಗಾಗುತ್ತದೆ. ಹೀಗಿರುವಲ್ಲಿ ಅವನ ಗಾಡಿಯೊಳಗೆ ಎಷ್ಟು ಬಗೆಯ ಎಣ್ಣೆಗಳಿವೆಯೆಂಬುದನ್ನು ಎಣಿಸಿ ನೋಡಿದರೆ ವಾಚಕರಿಗೆ ಆಶ್ಚರ್ಯವಾಗದೆ ಇರದು. ಎಂಜಿನ್ನಿಗೆ ಒಂದು, ಗೇರ್‌ಬಾಕ್ಸಿಗೆ ಒಂದು, ಹಿಂದಿನ ಹೌಸಿಂಗಿಗೆ ಇನ್ನೂ ಮಂದವಾದದ್ದೊಂದು, ಕ್ಲಚ್ಚಿನ ನಳಿಗೆಗೆ ಬ್ರೇಕ್ ಆಯಿಲು, ಪವರ್ ಸ್ಟಿಯರಿಂಗಿಗೆ ದಾಳಿಂಬೆಯ ರಸದಂತೆ ಕೆಂಪಗಿರುವ ತೆಳುವಾದ ಮತ್ತೊಂದು.

ಈ ಕೊನೆಯ ಕೆಂಪೆಣ್ಣೆಯೇ ನಮ್ಮ ಲೇಖನದ ವಿಷಯ. ಅದರ ಡಬ್ಬಿಯ ಮೇಲೆ 'ಎ.ಟಿ.ಎಫ್.' ಎಂಬ ಮೂರು ಅಕ್ಷರಗಳಿರುತ್ತವೆ. 'ಆಟೋಮ್ಯಾಟಿಕ್ ಟ್ರಾನ್ಸ್‌ಮಿಷನ್ ಫ್ಲೂಯಿಡ್', ಎಂದರೆ ಸ್ವಯಂಚಾಲಿತ ಗೇರ್‌ಬಾಕ್ಸಿನ ದ್ರವ, ಎಂಬುದು ಅದರ ಪೂರ್ಣ ಹೆಸರು. ಆದರೆ ನಮ್ಮ ಹಳೆಯ ಲಾರಿಗಳಲ್ಲಿ ಸ್ವಯಂಚಾಲಿತ ಗೇರ್‌ಬಾಕ್ಸು ಎಲ್ಲಿದೆ? ಚಾಲಕನು ಎಡಗಾಲಿನಿಂದ ಕ್ಲಚ್ಚನ್ನು ಒತ್ತಿ, ಕೈಯಿಂದ ಗೇರು ಹಾಕಿಯೇ ಅವು ಓಡಬೇಕು. ಹಾಗಾದರೆ ಇಲ್ಲದ ಗೇರ್‌ಬಾಕ್ಸಿನ ಎಣ್ಣೆ ಇಲ್ಲಿಗೆ ಬಂದುದು ಹೇಗೆ? ಅದೇ ಡಬ್ಬಿಯ ಎಣ್ಣೆಯನ್ನು ನಿಜವಾದ ಸ್ವಯಂಚಾಲಿತ ಗೇರ್‌ಬಾಕ್ಸಿಗೆ ಸುರಿಯಬಹುದೆ? ಮೊದಲನೆಯ ಪ್ರಶ್ನೆಗೆ ಉತ್ತರ ಸುಲಭ. ಎರಡನೆಯದಕ್ಕೆ ಉತ್ತರ ಕೊಡಬೇಕಾದರೆ ಘರ್ಷಣೆಯ ಶಾಸ್ತ್ರವನ್ನು ಸ್ವಲ್ಪ ವಿಚಾರಿಸಬೇಕಾಗುತ್ತದೆ.

ಎಣ್ಣೆಯ ಮುಖ್ಯ ಗುಣ ಅದರ ಸ್ನಿಗ್ಧತೆ. ಹರಿಯುವ ದ್ರವವು ತನ್ನ ಹರಿವಿಗೆ ತಾನೇ ಒಡ್ಡುವ ತಡೆಯನ್ನು ಹೀಗೆ ಕರೆಯುತ್ತಾರೆ. ಅದನ್ನು ಅಳೆಯುವ ಮಾನ ಸೆಂಟಿಸ್ಟೋಕ್. ಸಾಮಾನ್ಯ ಉಷ್ಣತೆಯಲ್ಲಿ ನೀರಿನ ಸ್ನಿಗ್ಧತೆ ಸುಮಾರು 1 ಸೆಂಟಿಸ್ಟೋಕ್ ಎಂದು ನೆನಪಿಟ್ಟರೆ ಸಾಕು. 40 ಅಂಶ ಸೆಂಟಿಗ್ರೇಡಿನಲ್ಲಿ ಲಾರಿಯ 90ನೆಯ ನಂಬರಿನ ಗೇರ್ ಆಯಿಲು 200 ಸೆಂಟಿಸ್ಟೋಕಿನ ಆಸುಪಾಸಿನಲ್ಲಿರುತ್ತದೆ. ಕೆಂಪೆಣ್ಣೆಯಾದರೋ ಸುಮಾರು 35. ನೂರು ಅಂಶಕ್ಕೆ ಕಾಯಿಸಿದಾಗ ಮೊದಲನೆಯದು 13.5ಕ್ಕಿಂತ ಕೆಳಗೆ ಇಳಿಯಬಾರದೆಂದು ನಿಯಮವಿದೆ. ಎರಡನೆಯದು ಏಳರಷ್ಟಕ್ಕೆ ಇಳಿಯುತ್ತದೆ. ಹಲ್ಲುಚಕ್ರಗಳು ಒಂದನ್ನೊಂದು ಜಜ್ಜುವ ಕಡೆ ಮಂದವಾದ ಎಣ್ಣೆಯ ಪೊರೆ ಬೇಕು. ಸಣ್ಣ ಕಿಂಡಿಗಳ ಮೂಲಕ ಪಂಪು ಎಣ್ಣೆಯನ್ನು ರಭಸದಿಂದ ನೂಕುವ ಕಡೆ ಮಂದವಾದ ಎಣ್ಣೆ ಹೊರೆಯೇ ಸರಿ. ಪವರ್ ಸ್ಟಿಯರಿಂಗು ಈ ಎರಡನೆಯ ಜಾತಿಗೆ ಸೇರಿದುದು. ಅಲ್ಲಿ ಬೇಕಾದುದು ತೆಳುವಾದ, ನೊರೆಗಟ್ಟದ, ಚಳಿಯಲ್ಲಿಯೂ ಹರಿಯುವ, ರಬ್ಬರಿನ ಸೀಲುಗಳನ್ನು ಕೆಡಿಸದ ಎಣ್ಣೆ. ಸ್ವಯಂಚಾಲಿತ ಗೇರ್‌ಬಾಕ್ಸಿಗಾಗಿ ಅಂಥ ಎಣ್ಣೆಯೊಂದು ಆಗಲೇ ಸಿದ್ಧವಾಗಿದ್ದುದರಿಂದ ಸ್ಟಿಯರಿಂಗಿನ ತಯಾರಕರು ಅದನ್ನೇ ಎರವಲು ಪಡೆದರು.

ಇಲ್ಲಿ ಒಂದು ಎಚ್ಚರಿಕೆಯ ಮಾತನ್ನು ಹೇಳಿಯೇ ಮುಂದುವರಿಯಬೇಕು. ಕೆಂಪೆಣ್ಣೆಯೂ ಬ್ರೇಕ್ ಆಯಿಲೂ ತೆಳುವಾಗಿ, ನೋಡುವುದಕ್ಕೆ ಹೆಚ್ಚು ಕಡಿಮೆ ಒಂದೇ ಬಗೆಯಾಗಿ ಹರಿಯುತ್ತವೆಂದು ಒಂದರ ಬದಲು ಇನ್ನೊಂದನ್ನು ಸುರಿಯುವುದುಂಟು. ಇದು ಪ್ರಾಣಾಪಾಯದ ಕೆಲಸ. ಕೆಂಪೆಣ್ಣೆ ಕಲ್ಲೆಣ್ಣೆಯಿಂದ ಬಂದುದು. ಬ್ರೇಕ್ ಆಯಿಲು ಸಾಮಾನ್ಯವಾಗಿ ಗ್ಲೈಕಾಲ್ ಎಂಬ ಬೇರೆಯೇ ವರ್ಗದ ವಸ್ತು. ಬ್ರೇಕಿನ ರಬ್ಬರು ಗ್ಲೈಕಾಲನ್ನು ತಡೆಯುವಂತೆ ಆರಿಸಿದ ರಬ್ಬರು. ಕಲ್ಲೆಣ್ಣೆ ತಗಲಿದರೆ ಅದು ಉಬ್ಬಿ, ಮೆತ್ತಗಾಗಿ, ತನ್ನ ಗೂಡಿನಲ್ಲಿ ಸಿಕ್ಕಿಕೊಳ್ಳುತ್ತದೆ. ದೊಡ್ಡ ಲಾರಿಗಳಲ್ಲಿ ಬ್ರೇಕು ಗಾಳಿಯದಾದರೂ ಕ್ಲಚ್ಚಿನ ನಳಿಗೆಯಲ್ಲಿ ಇದೇ ರಬ್ಬರು ಇರುತ್ತದೆ. ಸಣ್ಣ ಗಾಡಿಗಳಲ್ಲಿ ಬ್ರೇಕೇ ಇದರ ಮೇಲೆ ನಿಂತಿದೆ. ವಿದ್ಯಾರ್ಥಿಗಳು ಇದನ್ನು ಶಾಲೆಯಲ್ಲಿಯೇ ಪರೀಕ್ಷಿಸಬಹುದು. ಒಂದೇ ಅಳತೆಯ ಎರಡು ರಬ್ಬರ್ ಬ್ಯಾಂಡುಗಳನ್ನು ತೆಗೆದುಕೊಂಡು, ಒಂದನ್ನು ಕೆಂಪೆಣ್ಣೆಯಲ್ಲಿಯೂ ಇನ್ನೊಂದನ್ನು ಹರಳೆಣ್ಣೆಯಲ್ಲಿಯೂ ಮುಳುಗಿಸಿ, ನಾಲ್ಕೈದು ದಿನ ಬಿಟ್ಟು ಅಳೆದು ನೋಡಿ. ಮೊದಲನೆಯದು ಉದ್ದವಾಗಿ, ಕೈಯಲ್ಲಿ ಎಳೆದರೆ ಹರಿಯುವಷ್ಟು ಸಡಿಲವಾಗಿರುತ್ತದೆ; ಎರಡನೆಯದರಲ್ಲಿ ಅಂಥ ಬದಲಾವಣೆ ಕಾಣದು. ಹಿಂದಿನ ಕಾಲದ ಬ್ರೇಕ್ ಆಯಿಲುಗಳನ್ನು ಹರಳೆಣ್ಣೆ ಮತ್ತು ಮದ್ಯಸಾರಗಳಿಂದ ತಯಾರಿಸುತ್ತಿದ್ದುದಕ್ಕೆ ಕಾರಣ ಇದೇ.

ಇನ್ನು ಸ್ವಯಂಚಾಲಿತ ಗೇರ್‌ಬಾಕ್ಸಿನ ಒಳಕ್ಕೆ ಪ್ರವೇಶಿಸೋಣ. ಕನ್ನಡ ನಾಡಿನಲ್ಲಿ ಬಹು ಮಂದಿ ಇದರ ಪರಿಚಯ ಮಾಡಿಕೊಂಡುದು ಬೆಂಗಳೂರಿನ ನಗರ ಸಾರಿಗೆ ಸಂಸ್ಥೆಯು 2006ರ ಹೊತ್ತಿಗೆ ರಸ್ತೆಗಿಳಿಸಿದ ವೋಲ್ವೊ ಬಸ್ಸುಗಳಲ್ಲಿ. ಚಾಲಕನ ಪಕ್ಕದಲ್ಲಿ ಗೇರಿನ ಉದ್ದ ಕೋಲಿಲ್ಲ, ಕಾಲ ಬಳಿ ಕ್ಲಚ್ಚಿಲ್ಲ. ಬಸ್ಸು ತಾನೇ ಗೇರು ಬದಲಿಸಿಕೊಳ್ಳುತ್ತದೆ. ಗಣಿಗಳಲ್ಲಿ ಅದಿರು ಹೊರುವ ಭಾರಿ ಡಂಪರುಗಳಲ್ಲಿಯೂ ಇಂಥ ಏರ್ಪಾಡು ಬಹಳ ಹಿಂದಿನಿಂದ ಇದೆ.

ಕ್ಲಚ್ಚಿಲ್ಲದೆ ಎಂಜಿನ್ನಿನ ಶಕ್ತಿ ಗಾಲಿಗೆ ತಲಪುವುದು ಹೇಗೆ? ಜಗಳೂರು, ಚಿತ್ರದುರ್ಗಗಳ ಕಡೆಯ ಗುಡ್ಡಗಳ ಮೇಲೆ ಸಾಲಾಗಿ ನಿಂತಿರುವ ಗಾಳಿಯಂತ್ರಗಳನ್ನು ನಮ್ಮ ಓದುಗರಲ್ಲಿ ಅನೇಕರು ನೋಡಿದ್ದಾರೆ. ಗಾಳಿ ಬೀಸುತ್ತದೆ, ರೆಕ್ಕೆ ತಿರುಗುತ್ತದೆ. ನಡುವೆ ಯಾವ ಸರಪಳಿಯೂ ಇಲ್ಲ. ಈಗ ಗಾಳಿಯ ಸ್ಥಾನದಲ್ಲಿ ಎಣ್ಣೆಯನ್ನು ಕಲ್ಪಿಸಿಕೊಳ್ಳಿ. ಮುಚ್ಚಿದ ಡಬ್ಬಿಯೊಂದರಲ್ಲಿ ಎದುರುಬದುರಾಗಿ ಎರಡು ರೆಕ್ಕೆಚಕ್ರಗಳು. ಒಂದನ್ನು ಎಂಜಿನ್ನು ತಿರುಗಿಸಿ ಎಣ್ಣೆಯನ್ನು ಎರಚುತ್ತದೆ, ಆ ಎಣ್ಣೆಯ ರಭಸಕ್ಕೆ ಇನ್ನೊಂದು ತಿರುಗುತ್ತದೆ. ಹರ್ಮನ್ ಫಟಿಂಗರ್ ಎಂಬ ಜರ್ಮನ್ ಎಂಜಿನಿಯರು 1905ರಲ್ಲಿ ಹಡಗುಗಳಿಗಾಗಿ ಕಂಡುಹಿಡಿದ ಯುಕ್ತಿಯಿದು. ಎರಡು ಚಕ್ರಗಳ ನಡುವೆ ಎಣ್ಣೆಯ ದಾರಿಯನ್ನು ತಿರುಗಿಸುವ ಮೂರನೆಯ ಚಕ್ರವನ್ನು ಸೇರಿಸಿದರೆ, ಹೊರಡುವಾಗ ಎಂಜಿನ್ನಿನ ತಿರುಚುಬಲ ಹೆಚ್ಚಿ ಗಾಲಿಗೆ ದೊರೆಯುತ್ತದೆ. ಇದಕ್ಕೆ ಟಾರ್ಕ್ ಕನ್ವರ್ಟರ್ ಎಂದು ಹೆಸರು.

ಇದರ ಹಿಂದೆ ಹಲ್ಲುಚಕ್ರಗಳ ಒಂದು ಸಂಸಾರವಿದೆ. ನಡುವೆ ಸೂರ್ಯಚಕ್ರ, ಅದರ ಸುತ್ತ ಗ್ರಹಚಕ್ರಗಳು, ಎಲ್ಲವನ್ನೂ ಒಳಗೊಂಡ ಹೊರಬಳೆ. ಇವುಗಳಲ್ಲಿ ಒಂದನ್ನು ಹಿಡಿದು ನಿಲ್ಲಿಸಿದರೆ ಒಂದು ಗೇರು. ಅದನ್ನು ಬಿಟ್ಟು ಇನ್ನೊಂದನ್ನು ಹಿಡಿದರೆ ಇನ್ನೊಂದು ಗೇರು. ಹಿಡಿಯುವ ಕೆಲಸ ಮಾಡುವುದು ಎಣ್ಣೆಯಲ್ಲಿ ಮುಳುಗಿರುವ ತೆಳುವಾದ ಬಿಲ್ಲೆಗಳು. ಒಂದು ಉಕ್ಕಿನ ಬಿಲ್ಲೆ, ಒಂದು ಕಾಗದದಂಥ ನಾರಿನ ಹೊದಿಕೆಯಿರುವ ಬಿಲ್ಲೆ, ಹೀಗೆ ಅವು ಜೋಡಿಯಾಗಿರುತ್ತವೆ. ಎಣ್ಣೆಯ ಒತ್ತಡವೇ ಅವುಗಳನ್ನು ಒಂದಕ್ಕೊಂದು ಅದುಮುತ್ತದೆ.

ಎಣ್ಣೆ ಇರುವುದೇ ಜಾರಿಸುವುದಕ್ಕೆ. ಇಲ್ಲಿಯಾದರೋ ಎಣ್ಣೆಯಲ್ಲಿ ತೊಯ್ದ ಬಿಲ್ಲೆಗಳು ಒಂದನ್ನೊಂದು ಜಾರದಂತೆ ಹಿಡಿಯಬೇಕು! ಅದೇ ಎಣ್ಣೆ ಪಕ್ಕದಲ್ಲಿರುವ ಬೇರಿಂಗುಗಳನ್ನೂ ಹಲ್ಲುಗಳನ್ನೂ ಜಾರಿಸಬೇಕು, ಕನ್ವರ್ಟರಿನಲ್ಲಿ ಗಾಳಿಯಂತೆ ಬೀಸಬೇಕು, ಕವಾಟಗಳಲ್ಲಿ ಒತ್ತಡವನ್ನು ಒಯ್ಯಬೇಕು, ಬಿಲ್ಲೆಗಳು ಉಜ್ಜಿ ಹುಟ್ಟಿಸಿದ ಶಾಖವನ್ನು ಹೊತ್ತು ರೇಡಿಯೇಟರಿಗೆ ಸಾಗಿಸಬೇಕು. ಇಷ್ಟೊಂದು ಪರಸ್ಪರ ವಿರುದ್ಧವಾದ ಕೆಲಸಗಳನ್ನು ಮೋಟಾರಿನ ಬೇರಾವ ಎಣ್ಣೆಗೂ ಹೊರಿಸಿಲ್ಲ. ಇಲ್ಲಿ ಎಣ್ಣೆ ಯಂತ್ರಕ್ಕೆ ಹಚ್ಚುವ ವಸ್ತುವಲ್ಲ, ಯಂತ್ರದ ಒಂದು ಭಾಗ. ಆದುದರಿಂದಲೇ ಇದನ್ನು ಆರಿಸುವಾಗ 'ಒಳ್ಳೆಯದು ಯಾವುದು?' ಎಂದು ಕೇಳಿದರೆ ಸಾಲದು. 'ಈ ಬಿಲ್ಲೆಗಳಿಗೆ ಹೊಂದುವುದು ಯಾವುದು?' ಎಂದೇ ಕೇಳಬೇಕು.

ಹೊಂದುವುದು ಎಂದರೇನೆಂಬುದನ್ನು ತರಗತಿಯ ಕರಿಹಲಗೆಯೇ ತೋರಿಸಿಕೊಡುತ್ತದೆ. ಸೀಮೆಸುಣ್ಣವನ್ನು ನೆಟ್ಟಗೆ ಹಿಡಿದು ಎಳೆದಾಗ ಅದು ಒಮ್ಮೊಮ್ಮೆ ಕರ್ಕಶವಾಗಿ ಕಿರುಚಿ, ಗೆರೆಯ ಬದಲು ಚುಕ್ಕೆಗಳ ಸಾಲನ್ನು ಮೂಡಿಸುತ್ತದೆಯಲ್ಲವೆ? ನಿಂತ ವಸ್ತುವನ್ನು ಹೊರಡಿಸಲು ಬೇಕಾಗುವ ಬಲ, ಹೊರಟ ವಸ್ತುವನ್ನು ಸರಿಸುತ್ತಿರಲು ಬೇಕಾಗುವ ಬಲಕ್ಕಿಂತ ಸಾಮಾನ್ಯವಾಗಿ ಹೆಚ್ಚು. ಹೀಗಾಗಿ ಸೀಮೆಸುಣ್ಣ ಅಂಟುತ್ತದೆ, ಜಿಗಿಯುತ್ತದೆ, ಮತ್ತೆ ಅಂಟುತ್ತದೆ. ಗೇರ್‌ಬಾಕ್ಸಿನ ಬಿಲ್ಲೆಗಳು ಹೀಗೆಯೇ ಮಾಡಿದರೆ ಗಾಡಿ ಪ್ರತಿ ಗೇರಿಗೂ ಗಡಗಡನೆ ನಡುಗುತ್ತದೆ. ಇದನ್ನು ತಪ್ಪಿಸಲು ರಸಾಯನಶಾಸ್ತ್ರಜ್ಞರು ಎಣ್ಣೆಗೆ ಕೆಲವು ಉದ್ದನೆಯ ಅಣುಗಳನ್ನು ಸೇರಿಸುತ್ತಾರೆ. ಇವುಗಳ ಒಂದು ತುದಿಗೆ ಲೋಹದ ಮೇಲೆ ಮಮತೆ. ಇನ್ನೊಂದು ತುದಿಗೆ ಎಣ್ಣೆಯ ಮೇಲೆ. ಹೊಲದಲ್ಲಿ ಜೋಳದ ದಂಟುಗಳು ಒತ್ತಾಗಿ ನಿಂತಂತೆ ಇವು ಉಕ್ಕಿನ ಮೇಲೆ ನೆಟ್ಟಗೆ ನಿಂತು, ಬಿಲ್ಲೆಗಳು ಇನ್ನೇನು ನಿಲ್ಲಲಿರುವ ಕೊನೆಯ ಗಳಿಗೆಯಲ್ಲಿ ಅವುಗಳ ಬಿಗಿತವನ್ನು ಸ್ವಲ್ಪ ಮೃದುಗೊಳಿಸುತ್ತವೆ. ಗಾಡಿಯೊಳಗೆ ಕುಳಿತವನಿಗೆ ಗೇರು ಬದಲಾದುದೇ ತಿಳಿಯುವುದಿಲ್ಲ.

ಈ ಬಗೆಯ ಅಣುಗಳನ್ನು ಮೊದಲು ಒದಗಿಸಿದುದು ಒಂದು ಪ್ರಾಣಿ! ಅದರ ಕಥೆ ಸ್ವಲ್ಪ ವಿಸ್ತಾರವಾಗಿ ಹೇಳತಕ್ಕದ್ದು.

ಎಣ್ಣೆಯ ಒತ್ತಡದಿಂದ ತಾನೇ ಗೇರು ಬದಲಿಸಿಕೊಳ್ಳುವ, ಬಹು ಸಂಖ್ಯೆಯಲ್ಲಿ ತಯಾರಾದ ಮೊದಲ ಗೇರ್‌ಬಾಕ್ಸು ಅಮೆರಿಕದ ಜನರಲ್ ಮೋಟಾರ್ಸಿನ 'ಹೈಡ್ರಾಮ್ಯಾಟಿಕ್'. 1939ರಲ್ಲಿ ಅದು ಓಲ್ಡ್ಸ್‌ಮೊಬೀಲ್ ಕಾರಿನಲ್ಲಿ ಬಂದಿತು. ಎರಡನೆಯ ಮಹಾಯುದ್ಧದಲ್ಲಿ ಟ್ಯಾಂಕುಗಳಲ್ಲಿಯೂ ದುಡಿಯಿತು. ಇದಕ್ಕೆಂದೇ ಒಂದು ಎಣ್ಣೆಯ ಲಕ್ಷಣಗಳನ್ನು ನಿಗದಿಪಡಿಸಿ ಆ ಕಂಪನಿಯು 1949ರಲ್ಲಿ 'ಟೈಪ್ ಎ' ಎಂದು ಹೆಸರಿಟ್ಟಿತು. 1957ರಲ್ಲಿ ಅದನ್ನು ತಿದ್ದಿ 'ಟೈಪ್ ಎ, ಸಫಿಕ್ಸ್ ಎ' ಎಂದಿತು. 1967ರಲ್ಲಿ 'ಡೆಕ್ಸ್‌ರಾನ್' ಎಂಬ ಹೊಸ ಹೆಸರು ಬಂದಿತು. ಕೆಂಪು ಬಣ್ಣವಾದರೋ ಕೇವಲ ಗುರುತಿಗಾಗಿ ಬೆರೆಸಿದುದು. ಗಾಡಿಯ ಕೆಳಗೆ ತೊಟ್ಟಿಕ್ಕಿದ ಎಣ್ಣೆ ಎಂಜಿನ್ನಿನದೋ ಗೇರ್‌ಬಾಕ್ಸಿನದೋ ಎಂದು ನೋಡಿದೊಡನೆ ತಿಳಿಯಬೇಕಲ್ಲ! ಬಣ್ಣ ಒಂದೇ ಆದ ಮಾತ್ರಕ್ಕೆ ಎಣ್ಣೆ ಒಂದೇ ಎಂದು ತಿಳಿಯುವುದು, ಕಾವಿ ಉಟ್ಟವರೆಲ್ಲ ಸನ್ಯಾಸಿಗಳೆಂದು ತಿಳಿದಂತೆ.

ಈ ಮೊದಲ ಎಣ್ಣೆಗಳಲ್ಲಿ ಸ್ಪರ್ಮ್ ತಿಮಿಂಗಿಲದ ಎಣ್ಣೆಯನ್ನು ಬೆರೆಸುತ್ತಿದ್ದರು. ಈ ಭಾರಿ ಜೀವಿಯ ತಲೆಯಲ್ಲಿ ತುಂಬಿರುವುದು ನಿಜವಾಗಿ ಎಣ್ಣೆಯಲ್ಲ, ದ್ರವರೂಪದ ಒಂದು ಮೇಣ. ಕಾವನ್ನು ತಡೆದು, ಲೋಹಕ್ಕೆ ಅಂಟಿ, ಬಿಲ್ಲೆಗಳನ್ನು ನಯವಾಗಿ ಹಿಡಿಸುವುದರಲ್ಲಿ ಅದಕ್ಕೆ ಸಾಟಿಯಿರಲಿಲ್ಲ. ಬೇಟೆಯಿಂದ ತಿಮಿಂಗಿಲಗಳ ಸಂತತಿಯೇ ಕ್ಷೀಣಿಸಿದಾಗ, 1970ರ ದಶಕದ ಆರಂಭದಲ್ಲಿ ಅಮೆರಿಕವು ಈ ಎಣ್ಣೆಯನ್ನು ನಿಷೇಧಿಸಿತು. ಆ ಹೊತ್ತಿಗೆ ಸಿದ್ಧವಾದ 'ಡೆಕ್ಸ್‌ರಾನ್ 2'ರ ಮೊದಲ ರೂಪವು ಬಿಲ್ಲೆಗಳಿಗೆ ಹೊಂದಿದರೂ, ರೇಡಿಯೇಟರಿನೊಳಗೆ ಎಣ್ಣೆಯನ್ನು ತಣಿಸುವ ಕೊಳವೆಗಳ ಬೆಸುಗೆಯನ್ನು ತಿನ್ನತೊಡಗಿತು. ಸೂತ್ರವನ್ನು ಮತ್ತೆ ತಿದ್ದಬೇಕಾಯಿತು. ಎಣ್ಣೆಯು ಬಿಲ್ಲೆಗೆ ಮಾತ್ರವಲ್ಲ, ತಾನು ಮುಟ್ಟುವ ಪ್ರತಿಯೊಂದು ಲೋಹಕ್ಕೂ ರಬ್ಬರಿಗೂ ಹೊಂದಬೇಕೆಂಬುದಕ್ಕೆ ಇದಕ್ಕಿಂತ ದುಬಾರಿಯಾದ ಪಾಠ ಬೇರೆ ಸಿಕ್ಕದು. ತಿಮಿಂಗಿಲದ ಮೇಣಕ್ಕೆ ತೀರ ಹತ್ತಿರವಾದ ಮೇಣ ಅಮೆರಿಕದ ಮರುಭೂಮಿಯ 'ಹೊಹೊಬಾ' ಎಂಬ ಪೊದೆಯ ಬೀಜದಲ್ಲಿ ಸಿಕ್ಕುತ್ತದೆಯೆಂದು ತಿಳಿದು, ಅದರ ಬೇಸಾಯದಲ್ಲಿ ಆಸಕ್ತಿ ಹುಟ್ಟಿದುದೂ ಈ ಕಾಲದಲ್ಲಿಯೇ.

ಅದೇ ದಶಕಗಳಲ್ಲಿ ಫೋರ್ಡ್ ಕಂಪನಿ ತದ್ವಿರುದ್ಧವಾದ ದಾರಿ ಹಿಡಿದಿತ್ತು. ಅದರ 'ಟೈಪ್ ಎಫ್' ಎಣ್ಣೆಯಲ್ಲಿ ಮೇಲೆ ಹೇಳಿದ ಮೃದುಗೊಳಿಸುವ ಅಣುಗಳೇ ಇರಲಿಲ್ಲ. ಬಿಲ್ಲೆಗಳು ತಟ್ಟನೆ ಕಚ್ಚಿ ಹಿಡಿಯಬೇಕೆಂಬುದು ಆ ಗೇರ್‌ಬಾಕ್ಸುಗಳ ರಚನೆ. ಈಗ 1960ರ ದಶಕದ ಕೊನೆಯ ಎರಡು ಹಳೆಯ ಅಮೆರಿಕನ್ ಟ್ರಕ್ಕುಗಳು ಅಕ್ಕಪಕ್ಕ ನಿಂತಿವೆಯೆಂದು ಭಾವಿಸಿ; ಒಂದು ಟೈಪ್ ಎಫ್ ಬೇಡುವ ಫೋರ್ಡ್, ಇನ್ನೊಂದು ಡೆಕ್ಸ್‌ರಾನ್ ಬೇಡುವ ಜನರಲ್ ಮೋಟಾರ್ಸಿನದು. ಎರಡರ ಎಣ್ಣೆಯೂ ಕೆಂಪು, ಎರಡರ ಸ್ನಿಗ್ಧತೆಯೂ ಹೆಚ್ಚು ಕಡಿಮೆ ಒಂದೇ. ಆದರೂ ಅದಲು ಬದಲು ಮಾಡಿದರೆ ಫೋರ್ಡಿನ ಬಿಲ್ಲೆಗಳು ಹಿಡಿಯುವ ಮುನ್ನ ಬಹಳ ಹೊತ್ತು ಜಾರಿ, ಕಾದು, ಸುಟ್ಟುಹೋಗುತ್ತವೆ. ಇನ್ನೊಂದು ಗಾಡಿ ಪ್ರತಿ ಗೇರಿಗೂ ಒದೆತಿಂದಂತೆ ಮುಗ್ಗರಿಸುತ್ತದೆ. ಎಣ್ಣೆಗಳಲ್ಲಿ ಯಾವುದೂ ಕೆಟ್ಟದಲ್ಲ.

ಹಳೆಯ ಗಾಡಿಯ ಯಜಮಾನನಿಗೆ ಎದುರಾಗುವ ತೊಡಕು ಇನ್ನೊಂದಿದೆ. ಗಾಡಿಯ ಪುಸ್ತಕದಲ್ಲಿ ಬರೆದಿರುವ ಎಣ್ಣೆಯ ಹೆಸರೇ ಅಂಗಡಿಯಿಂದ ಮಾಯವಾಗಿರುತ್ತದೆ. ಆಗ ಹೆಸರಿನ ವಂಶಾವಳಿಯನ್ನು ಹುಡುಕಬೇಕು. ಹಳೆಯ ಎಣ್ಣೆಯ ಸ್ಥಾನಕ್ಕೆ ಯಾವುದನ್ನು ಹಾಕಬಹುದೆಂದು ಗೇರ್‌ಬಾಕ್ಸನ್ನು ತಯಾರಿಸಿದವರೇ ಹೇಳಿದ್ದರೆ ಅದನ್ನು ನಂಬಬಹುದು. ಉದಾಹರಣೆಗೆ, 1993ರ 'ಡೆಕ್ಸ್‌ರಾನ್ 3'ರ ಬದಲಿಗೆ 2005ರಲ್ಲಿ ಬಂದ 'ಡೆಕ್ಸ್‌ರಾನ್ 6'ನ್ನು ತನ್ನ ಹಿಂದಿನ ಸ್ವಯಂಚಾಲಿತ ಗೇರ್‌ಬಾಕ್ಸುಗಳಲ್ಲಿಯೂ ಬಳಸಬಹುದೆಂದು ಜನರಲ್ ಮೋಟಾರ್ಸ್ ಸಾರಿತು. ಹೊಸದು ಹಳೆಯದಕ್ಕಿಂತ ತುಸು ತೆಳು. ಆದರೆ ಬಹುಕಾಲ ದುಡಿದರೂ ಇನ್ನಷ್ಟು ತೆಳುವಾಗದೆ ನಿಲ್ಲುವಂಥದು. ಈ ಮಾತು ಆ ಕಂಪನಿಯ ಗೇರ್‌ಬಾಕ್ಸುಗಳಿಗೆ ಮಾತ್ರ ಅನ್ವಯಿಸುತ್ತದೆ. ಡೆಕ್ಸ್‌ರಾನ್ 3ನ್ನು ಬಳಸುತ್ತಿದ್ದ ಬೇರೆ ತಯಾರಕರ ಯಂತ್ರಗಳಿಗೆ ಅವರವರ ಮಾತೇ ಬೇಕು. ಇನ್ನೊಂದು ಸಂಗತಿಯೂ ಉಂಟು. 2006ರ ಕೊನೆಗೆ ಡೆಕ್ಸ್‌ರಾನ್ 3ರ ಪರವಾನಗಿಗಳು ಮುಗಿದುವು. ಇಂದಿಗೂ ಆ ಹೆಸರು ಹೊತ್ತ ಡಬ್ಬಿಗಳು ಅಂಗಡಿಯಲ್ಲಿ ಸಿಕ್ಕುತ್ತವೆ. ಅದಕ್ಕೆ ಸಮನಾದುದೆಂದು ಎಣ್ಣೆಯ ತಯಾರಕನು ತಾನೇ ಹೇಳಿಕೊಳ್ಳುವ ಮಾತದು, ಮೂಲ ಕಂಪನಿಯ ಪರೀಕ್ಷೆಯಲ್ಲ. ಹೆಸರಾಂತ ತಯಾರಕನಾದರೆ ಆ ಮಾತಿಗೆ ಬೆಲೆಯಿದೆ. 'ಎಲ್ಲ ಗಾಡಿಗಳಿಗೂ ಸಲ್ಲುತ್ತದೆ' ಎಂದು ದೊಡ್ಡದಾಗಿ ಅಚ್ಚುಮಾಡಿದ ಡಬ್ಬಿಯನ್ನು ನಾವಾದರೆ ಸ್ವಲ್ಪ ಅನುಮಾನದಿಂದಲೇ ನೋಡುತ್ತೇವೆ. ಟೈಪ್ ಎಫ್ ಮತ್ತು ಡೆಕ್ಸ್‌ರಾನ್ ಎರಡರ ಸ್ವಭಾವವೂ ಒಂದೇ ದ್ರವದಲ್ಲಿ ಹೇಗೆ ಸೇರೀತು?

ಈಗ ಜಗಳೂರಿನ ಅಂಗಡಿಯ ಡಬ್ಬಿಗೆ ಹಿಂದಿರುಗೋಣ. ಅದರ ಮೇಲೆ ಬಹುಶಃ 'ಟೈಪ್ ಎ' ಎಂದಿರುತ್ತದೆ. ಅಮೆರಿಕದ ಗೇರ್‌ಬಾಕ್ಸುಗಳಿಂದ ಎಂದೋ ನಿವೃತ್ತವಾದ ಈ ಹೆಸರು ನಮ್ಮ ದೇಶದಲ್ಲಿ ಪವರ್ ಸ್ಟಿಯರಿಂಗಿನ ದೆಸೆಯಿಂದ ಇನ್ನೂ ಬದುಕಿದೆ. ಸ್ಟಿಯರಿಂಗಿನೊಳಗೆ ಪಂಪು ಇದೆ, ಕವಾಟವಿದೆ, ಸೀಲುಗಳಿವೆ. ಉಜ್ಜಿ ಹಿಡಿಯುವ ಬಿಲ್ಲೆಗಳಿಲ್ಲ. ಆದುದರಿಂದ ಘರ್ಷಣೆಯ ಸೂಕ್ಷ್ಮಗಳು ಅಲ್ಲಿ ಗಣನೆಗೆ ಬಾರವು. ಹಳೆಯ, ಅಗ್ಗದ ಟೈಪ್ ಎ ಅಲ್ಲಿ ಧಾರಾಳವಾಗಿ ಸಾಕು. ಆದರೆ ಅದೇ ಡಬ್ಬಿಯನ್ನು ಬೆಂಗಳೂರಿನ ವೋಲ್ವೊ ಬಸ್ಸಿನ ಗೇರ್‌ಬಾಕ್ಸಿಗೆ ಬಗ್ಗಿಸುವಂತಿಲ್ಲ. ಆ ಗೇರ್‌ಬಾಕ್ಸನ್ನು ಮಾಡಿದ ಜರ್ಮನಿಯ ಜೆಡ್.ಎಫ್. ಕಂಪನಿಯು ತನ್ನ ಒಂದೊಂದು ಬಗೆಯ ಯಂತ್ರಕ್ಕೂ ಒಪ್ಪಿಗೆಯಾದ ಎಣ್ಣೆಗಳ ಪಟ್ಟಿಯನ್ನು ಬೇರೆಬೇರೆಯಾಗಿ ಪ್ರಕಟಿಸುತ್ತದೆ. ಎರಡೇ ಪೆಡಲುಗಳಿರುವ ಗಾಡಿಗಳೆಲ್ಲ ಈ ಜಾತಿಗೆ ಸೇರಿದುವೆಂದೂ ಭಾವಿಸಬಾರದು. 2014ರಲ್ಲಿ ಮಾರುತಿ ಸೆಲೆರಿಯೊ ಕಾರಿನಿಂದ ನಮ್ಮಲ್ಲಿ ಬಳಕೆಗೆ ಬಂದ 'ಎ.ಎಂ.ಟಿ.'ಯಲ್ಲಿರುವುದು ಹಿಂದಿನ ಮಾದರಿಯ ಗೇರ್‌ಬಾಕ್ಸೇ. ಕ್ಲಚ್ಚು ಒತ್ತುವ ಮತ್ತು ಗೇರು ಹಾಕುವ ಕೆಲಸವನ್ನು ಮಾತ್ರ ಯಂತ್ರ ವಹಿಸಿಕೊಂಡಿದೆ. ಅದರ ಗೇರುಗಳಿಗೆ ಬೇಕಾದುದು ಗೇರ್ ಆಯಿಲು.

ಗೇರ್ ಆಯಿಲಿನಲ್ಲಿಯೂ ಇಂಥದೇ ಒಂದು ಬಲೆಯಿದೆ. ಡಬ್ಬಿಯ ಮೇಲೆ ಜಿ.ಎಲ್.-4, ಜಿ.ಎಲ್.-5 ಎಂದು ಅಂಕಗಳಿರುತ್ತವೆ. ಐದು ನಾಲ್ಕಕ್ಕಿಂತ ದೊಡ್ಡದು, ಆದುದರಿಂದ ಮೇಲು ಎಂದು ತೋರುವುದು ಸಹಜ. ಜಿ.ಎಲ್.-5ರಲ್ಲಿ ಗಂಧಕ, ರಂಜಕಗಳ ಸಂಯುಕ್ತಗಳು ಸುಮಾರು ಎರಡರಷ್ಟಿರುತ್ತವೆ. ಹಿಂದಿನ ಹೌಸಿಂಗಿನಲ್ಲಿ ಹಲ್ಲುಗಳು ಜಾರುತ್ತ ಜಜ್ಜುವ ಕಡೆ ಅವು ಉಕ್ಕಿನ ಮೇಲೆ ರಕ್ಷಕ ಪೊರೆ ಕಟ್ಟುತ್ತವೆ. ಅದೇ ಎಣ್ಣೆಯನ್ನು ಹಿತ್ತಾಳೆಯ ಬಳೆಗಳಿರುವ ಹಳೆಯ ಗೇರ್‌ಬಾಕ್ಸಿಗೆ ಹಾಕಿದರೆ ಗಂಧಕ ಆ ಮೆದು ಲೋಹವನ್ನು ಸವೆಸಬಲ್ಲದು; ಹೆಚ್ಚು ಜಾರುವ ಎಣ್ಣೆಯಲ್ಲಿ ಬಳೆಗಳ ಹಿಡಿತವೂ ತಪ್ಪಿ ಗೇರು ಕಿರುಗುಟ್ಟುತ್ತದೆ. ಅಂಥದಕ್ಕೆ ಜಿ.ಎಲ್.-4 ಎಂದು ಪುಸ್ತಕದಲ್ಲಿದ್ದರೆ ಜಿ.ಎಲ್.-4ನ್ನೇ ಹಾಕಬೇಕು.

ಸರಿಯಾದ ಕೆಂಪೆಣ್ಣೆಯನ್ನೇ ಹಾಕಿದರೂ ಅದು ಶಾಶ್ವತವಲ್ಲ. ಅದರ ದೊಡ್ಡ ಶತ್ರು ಶಾಖ. ಗೇರ್‌ಬಾಕ್ಸಿನ ಎಣ್ಣೆ ಸುಮಾರು 80ರಿಂದ 95 ಅಂಶ ಸೆಂಟಿಗ್ರೇಡಿನಲ್ಲಿ ಸುಖವಾಗಿರುತ್ತದೆ. ಅಲ್ಲಿಂದ ಮೇಲೆ ಪ್ರತಿ ಹತ್ತು ಅಂಶಕ್ಕೆ ಅದು ಕೆಡುವ ವೇಗ ಸರಿಸುಮಾರು ಇಮ್ಮಡಿಯಾಗುತ್ತದೆಂಬುದು ರಸಾಯನಶಾಸ್ತ್ರದ ಒಂದು ಒರಟು ಲೆಕ್ಕ. ಹಾಗಾದರೆ 90ರ ಬದಲು 120 ಅಂಶದಲ್ಲಿ ದುಡಿಯುವ ಎಣ್ಣೆಯ ಆಯುಸ್ಸು ಎಂಟನೆಯ ಒಂದು ಪಾಲಿಗೆ ಇಳಿದೀತು. ಬಯಲುಸೀಮೆಯ ಏಪ್ರಿಲ್ ತಿಂಗಳ ಬಿಸಿಲು, ಮಿತಿಮೀರಿದ ಹೇರು, ಏರುದಾರಿ ಮೂರೂ ಕೂಡಿದಾಗ ಕನ್ವರ್ಟರಿನೊಳಗೆ ಎಣ್ಣೆ ತನ್ನನ್ನು ತಾನೇ ಕಡೆದುಕೊಂಡು ಕಾಯುತ್ತದೆ. ಗಣಿಯ ಡಂಪರುಗಳಲ್ಲಿ ಎಣ್ಣೆಯ ಉಷ್ಣತೆಯನ್ನು ತೋರಿಸಲೆಂದೇ ಮುಳ್ಳಿನ ಮಾಪಕವಿರುವುದು ಇದರಿಂದಾಗಿ.

ಎಣ್ಣೆಯ ಸ್ಥಿತಿಯನ್ನು ತಿಳಿಯಲು ಪ್ರಯೋಗಶಾಲೆ ಬೇಕಿಲ್ಲ. ಗಾಡಿಯನ್ನು ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ, ಪುಸ್ತಕ ಹೇಳುವ ಕ್ರಮದಲ್ಲಿ (ಅನೇಕ ಗಾಡಿಗಳಲ್ಲಿ ಎಂಜಿನ್ನು ನಡೆಯುತ್ತಿರುವಾಗ, ಎಣ್ಣೆ ಬಿಸಿಯಿರುವಾಗ) ಅಳತೆಕಡ್ಡಿಯನ್ನು ತೆಗೆದು ಬಿಳಿಯ ಬಟ್ಟೆಯ ಮೇಲೆ ಒರೆಸಿ ನೋಡಬೇಕು. ಕೆಂಪು ತಿರುಗಿ ಕಂದಾಗಿದ್ದರೆ ವಯಸ್ಸಾಗಿದೆಯೆಂದಷ್ಟೇ ಅರ್ಥ. ಕಪ್ಪಾಗಿ, ಸೀದ ವಾಸನೆ ಹೊಡೆದರೆ ಬಿಲ್ಲೆಗಳ ಹೊದಿಕೆ ಸುಟ್ಟಿದೆ. ಗುಲಾಬಿ ಬಣ್ಣದ ಹಾಲಿನಂತೆ ಮೋಡಗಟ್ಟಿದ್ದರೆ ರೇಡಿಯೇಟರಿನ ಕೊಳವೆ ತೂತಾಗಿ ನೀರು ಸೇರಿದೆ. ಕಾಗದದ ಹೊದಿಕೆಯನ್ನು ಅಂಟಿಸಿರುವ ಗೋಂದಿಗೆ ನೀರು ವಿಷ, ಒಂದು ದಿನವೂ ಗಾಡಿಯನ್ನು ಓಡಿಸಬಾರದು.

'ಹಳೆಯ ಗೇರ್‌ಬಾಕ್ಸಿನ ಎಣ್ಣೆ ಬದಲಿಸಿದರೆ ಅದು ಸಾಯುತ್ತದೆ' ಎಂಬ ಮಾತು ಗ್ಯಾರೇಜುಗಳಲ್ಲಿ ಪ್ರಚಲಿತವಾಗಿದೆ. ಇದರಲ್ಲಿ ಸತ್ಯಾಂಶ ಇಲ್ಲದೆ ಇಲ್ಲ. ಸವೆದ ಬಿಲ್ಲೆಗಳ ಪುಡಿ ಹಳೆಯ ಎಣ್ಣೆಯಲ್ಲಿ ತೇಲುತ್ತ ಬಿಲ್ಲೆಗಳಿಗೆ ಸ್ವಲ್ಪ ಹಿಡಿತ ಕೊಡುತ್ತಿರಬಹುದು. ಹೊಸ ಎಣ್ಣೆ ಬಂದಾಗ ಆ ಹಿಡಿತ ತಪ್ಪುತ್ತದೆ. ಅದರಲ್ಲಿರುವ ಶೋಧಕ ದ್ರವ್ಯಗಳು ಹಳೆಯ ಕೆಸರನ್ನು ಕದಡಿ ಕವಾಟಗಳ ಕಿಂಡಿಗೆ ತಳ್ಳಲೂಬಹುದು. ಆದರೆ ಅಂಥ ಗೇರ್‌ಬಾಕ್ಸು ಎಣ್ಣೆ ಬದಲಿಸುವ ಮೊದಲೇ ಸಾಯುತ್ತಿತ್ತು. ಗೇರು ಜಾರುತ್ತಿಲ್ಲ, ಎಣ್ಣೆ ಕಂದಾಗಿದೆ, ಸೀದಿಲ್ಲ ಎಂದಾದರೆ ಬದಲಿಸುವುದೇ ಸರಿಯೆಂದು ನಮ್ಮ ಅಭಿಪ್ರಾಯ. ಕೆಳಗಿನ ತಟ್ಟೆಯನ್ನು ಬಿಚ್ಚಿದಾಗ ಹೊರಬರುವುದು ಒಟ್ಟು ಎಣ್ಣೆಯ ಅರ್ಧಕ್ಕಿಂತಲೂ ಕಡಿಮೆ. ಉಳಿದುದು ಕನ್ವರ್ಟರಿನಲ್ಲಿಯೇ ನಿಂತಿರುತ್ತದೆ. ಆದುದರಿಂದ ಬಸಿದ ಎಣ್ಣೆಯನ್ನು ಅಳೆದು ಅಷ್ಟೇ ಹೊಸದನ್ನು ಹಾಕಿ, ಸೋಸುಕವನ್ನು ಬದಲಿಸಿ, ಕೆಲವು ನೂರು ಕಿಲೋಮೀಟರು ಓಡಿಸಿ, ಇದನ್ನೇ ಇನ್ನೆರಡು ಸಲ ಮಾಡಿದರೆ ಹಳೆಯ ಎಣ್ಣೆಯ ಬಹುಭಾಗ ಕ್ರಮವಾಗಿ ಹೋಗುತ್ತದೆ, ಕೆಸರೂ ಒಮ್ಮೆಲೇ ಕದಡುವುದಿಲ್ಲ. ಬಸಿದ ತಟ್ಟೆಯ ತಳದಲ್ಲಿರುವ ಅಯಸ್ಕಾಂತವನ್ನು ಬೆರಳಿನಿಂದ ಮುಟ್ಟಿ ನೋಡುವುದನ್ನು ಮಾತ್ರ ಮರೆಯಬಾರದು: ಕಾಡಿಗೆಯಂಥ ನಯವಾದ ಪುಡಿಯಿದ್ದರೆ ಅದು ವಯಸ್ಸಿನ ಸವೆತ, ಉಗುರಿಗೆ ಚುಚ್ಚುವ ಉಕ್ಕಿನ ಚೂರುಗಳಿದ್ದರೆ ಎಣ್ಣೆಯ ಡಬ್ಬಿಯನ್ನು ತೆರೆಯದೆ ಹಾಗೆಯೇ ಇಟ್ಟು, ಗೇರ್‌ಬಾಕ್ಸನ್ನು ಬಿಚ್ಚಿಸಬೇಕು.